ಹದಿಮೂರು ಪಾಯಿಂಟ್ ಒಂಬತ್ತು

ರಾತ್ರಿ ಎರಡೂವರೆಗೆ ಮಷೀನು ಒಂದು ಅಂಕಿ ಉಗುಳಿತು.
ನಂಬಲಿಲ್ಲ. ನಂಬದಿರುವುದೇ ನನ್ನ ಕೆಲಸದ ಅರ್ಧ.
ಕಂಟ್ರೋಲ್ ಹಾಕಿದೆ, ನಳಿಕೆ ಬದಲಿಸಿದೆ,
ಅದೇ ರಕ್ತವನ್ನು ಮತ್ತೆ ಕೂರಿಸಿದೆ.
ಮತ್ತೆ ಅದೇ. ಹದಿಮೂರು ಪಾಯಿಂಟ್ ಒಂಬತ್ತು.

ಕ್ಯಾಲ್ಸಿಯಂ.
ಸುಣ್ಣ ಅನ್ನಿ, ಮನೆಮಾತಿನಲ್ಲಿ.
ಹತ್ತರ ಆಸುಪಾಸು ಇರಬೇಕಾದದ್ದು.

ಚೀಟಿಯಲ್ಲಿ ಹೆಸರು: ಸಣ್ಣತಾಯಮ್ಮ, ಐವತ್ತಾರು,
ಹಾಸಿಗೆ ಹದಿನೇಳು.
ಹಾಸನದ ಮಂಡಿಯಲ್ಲಿ ಆಲೂಗಡ್ಡೆ ಮಾರಿದವರಿಗೆಲ್ಲ
ಅವಳು ಗೊತ್ತು. ತಕ್ಕಡಿ ಹೋಗಿ
ಎಲೆಕ್ಟ್ರಾನಿಕ್ ಕಾಟಾ ಬಂದ ಮೇಲೂ
ಮೂಟೆಯನ್ನು ಮೊಣಕಾಲಲ್ಲಿ ಒಮ್ಮೆ ದೂಡಿ
'ನಲವತ್ತೊಂಬತ್ತು, ಚೀಲ ಬಿಟ್ಟು' ಅನ್ನುವಳು.
ಕಾಟಾ ಆಮೇಲೆ ಒಪ್ಪಿಕೊಳ್ಳುತ್ತಿತ್ತು.
ನಮ್ಮಪ್ಪ ಒಮ್ಮೆ ಜಗಳ ತೆಗೆದು ಸೋತಿದ್ದ.

ಎದೆಯ ಗಂಟು ತೆಗೆದು ಎರಡು ವರ್ಷ.
ಅದು ಸದ್ದಿಲ್ಲದೆ ಸೊಂಟದ ಮೂಳೆಗೆ ಇಳಿದಿತ್ತು.
ಈ ಹದಿನೈದು ದಿನದಿಂದ
ಕೊಡಗಟ್ಟಲೆ ನೀರು, ಗಳಿಗೆಗೊಮ್ಮೆ ಬಚ್ಚಲು,
ಅನ್ನ ಕಂಡರೆ ವಾಕರಿಕೆ, ಆರು ದಿನ ಹೊಟ್ಟೆ ಕಟ್ಟಿ
ಆಮೇಲೆ ನಿದ್ದೆ. ಹಗಲೂ ನಿದ್ದೆ.
ಮೂಟೆ ಎಷ್ಟು ತೂಕ ಅಂದರೆ
'ಮಂಗಳವಾರ' ಅಂದಳಂತೆ.

ಸಕ್ಕರೆ ಕಾಯಿಲೆ ಅಂದರು ಒಬ್ಬರು. ಗಾಳಿ ಅಂದರು ಇನ್ನೊಬ್ಬರು.
'ಕ್ಯಾನ್ಸರ್ ಅಲ್ವಾ, ಇನ್ನು ಹೀಗೇ' ಅಂದರು
ಓದಿದವರು. ಅದೇ ಎಲ್ಲಕ್ಕಿಂತ ಅಪಾಯದ ಮಾತು.

ವಾರ್ಡಿಗೆ ಫೋನ್ ಹಚ್ಚಿದೆ. ರಿಂಗಾಯಿತು, ರಿಂಗಾಯಿತು.
ಚೀಟಿ ಹಿಡಿದು ನಡೆದೇ ಹೋದೆ,
ಚಾಪೆ, ಫ್ಲಾಸ್ಕು, ಮಲಗಿದ ಕಾಲುಗಳನ್ನು ದಾಟಿ.
ಡಾಕ್ಟರ್ ಅಫ್ಶಾನ್ ಹಾವು ಕಡಿದ ಹುಡುಗನ ಪಕ್ಕದಲ್ಲಿದ್ದರು.
ನಿಂತಲ್ಲೇ ಓದಿದರು. 'ಆಲ್ಬುಮಿನ್?'
'ಎರಡು ಪಾಯಿಂಟ್ ನಾಲ್ಕು.'
ಬೆರಳಲ್ಲಿ ಲೆಕ್ಕ ತಿದ್ದಿದರು, ಹದಿನೈದು ದಾಟಿತು.
ಜೀವಮಾನವೆಲ್ಲ ಚೀಲದ ತೂಕ ಕಳೆದವಳಿಗೆ
ಈ ಸಲ ಕೂಡಿಸಬೇಕಾಗಿತ್ತು.

ಆಮೇಲೆ ಓಡಾಟ. ಸಲೈನು, ಇಸಿಜಿ, ಮೂತ್ರ ಅಳೆಯುವ ಚೀಲ,
ಒಂದು ಇಂಜೆಕ್ಷನ್ ಕೂಡಲೇ,
ಇನ್ನೊಂದು ಎದುರಿನ ಮೆಡಿಕಲ್ಲಿನವನನ್ನು ಎಬ್ಬಿಸಿ ತಂದದ್ದು,
ಕಿಡ್ನಿಯ ಅಂಕಿ ನೋಡಿಕೊಂಡು, ನಿಧಾನವಾಗಿ.
'ಅದು ಮೂಳೆಗೆ ಬೀಗ ಹಾಕೋಕೆ ಎರಡು ದಿನ ಬೇಕು,'
ಅಂದರು ಡಾಕ್ಟರು, 'ಅಲ್ಲೀವರೆಗೆ ಉಪ್ಪುನೀರೇ ದೇವರು.'

ಗಂಡ ಬೋರಲಿಂಗಯ್ಯ ಬಾಗಿಲಲ್ಲಿ.
ರಕ್ತದಲ್ಲಿ ಸುಣ್ಣ ಏರಿದೆ ಅಂದೆ.
'ಸುಣ್ಣಾನಾ? ಎಲೆ ಅಡಿಕೆ ಬಿಟ್ಟು ಮೂರು ವರ್ಷಾಯ್ತಲ್ಲ ಸಾ.'
ಆಮೇಲೆ ಜೇಬಿಂದ ಮಾತ್ರೆಯ ಪಟ್ಟಿ ತೆಗೆದ.
'ಮೂಳೆ ನೋವು ಅಂತಿದ್ಲು. ದಿನಾ ಎರಡು, ಹಾಲ್ನಲ್ಲಿ,
ನಾನೇ ಕೈಯಾರೆ…'
ಪಟ್ಟಿಯ ಮೇಲೂ ಅದೇ ಹೆಸರಿತ್ತು. ಓದಲು ಅವನಿಗೆ ಬರುತ್ತಿತ್ತು.

ಇದು ಮಾತ್ರೆ ಮಾಡಿದ್ದಲ್ಲ ಅಂದೆ, ನಿಜವನ್ನೇ ಅಂದೆ.
ಗಡ್ಡೆ ಮೂಳೆಯನ್ನು ಕರಗಿಸಿ ನೆತ್ತರಿಗೆ ಸುರಿಯುತ್ತಿದೆ,
ಮಾತ್ರೆ ಅದರ ಮೇಲೊಂದು ಚಮಚ. ನಿಲ್ಲಿಸಿ, ಸಾಕು.
ಅವನು ಪಟ್ಟಿಯನ್ನು ಎಸೆಯಲಿಲ್ಲ,
ಜೇಬಿಗೆ ಹಾಕಲೂ ಇಲ್ಲ.
ಬೆಳಗಾಗುವವರೆಗೂ ಕೈಯಲ್ಲೇ ಹಿಡಿದಿದ್ದ.

ಮೂರನೆಯ ದಿನ ತಿದ್ದಿದ ಲೆಕ್ಕ ಹನ್ನೊಂದು.
ಡ್ಯೂಟಿ ಮುಗಿಸಿ ಮೇಲೆ ಹೋದೆ. ಹೋಗಬೇಕೆಂದೇನಿರಲಿಲ್ಲ.
ಡಾಕ್ಟರು ಹೇಳುತ್ತಿದ್ದರು: 'ಇಳಿದದ್ದು ಅಂಕಿ, ಗಡ್ಡೆಯಲ್ಲ.
ಮತ್ತೆ ಏರಬಹುದು. ಬಾಯಾರಿಕೆ ಬಂದರೆ, ಮಂಕಾದರೆ
ನಾಳೆ ನೋಡೋಣ ಅನ್ನಬೇಡಿ.'
ಬೋರಲಿಂಗಯ್ಯ ಅದನ್ನು ಆ ಪಟ್ಟಿಯ ಬೆನ್ನಿಗೆ
ನನ್ನ ಪೆನ್ನಿನಲ್ಲೇ ಬರೆದುಕೊಂಡ. ಪೆನ್ನು ವಾಪಸು ಬರಲಿಲ್ಲ.

ಅವಳು ಎದ್ದು ಕೂತಿದ್ದಳು. ಸಲೈನ್ ಬಾಟಲಿ ನೋಡಿ
'ಅರ್ಧ ಲೀಟ್ರು ಅಂತ ಬರ್ದವ್ರೆ. ಇಲ್ಲ' ಅಂದಳು.
ಡಿಸ್ಚಾರ್ಜ್ ಹಾಳೆಗೆ ತೂಕ ಬೇಕಿತ್ತು.
ವಾರ್ಡಿನ ಕಾಟಾ ಕೆಟ್ಟು ಆರು ತಿಂಗಳು.
ಮಂಚದ ಕಂಬಿ ಹಿಡಿದು ಇಳಿದು,
ಎರಡು ಕಾಲ ಮೇಲೂ ಒಮ್ಮೆ ನಿಂತು ನೋಡಿ,
'ನಲವತ್ತೊಂದು' ಅಂದಳು. 'ಸೀರೆ ಬಿಟ್ಟು.'
ಸಿಸ್ಟರ್ ಲೀಡಿಯಾ ಹಾಗೆಯೇ ಬರೆದರು.